ಸೋತವರು ಬರೀಬೇಕು

ಬರ್ರಿ, ಕಾಲು ಚಾಚಿಕೊಂಡು ಆರಾಮ ಕುಂದರ್ರಿ. ನಗೋ ಅಂಥಾ ಸಂಗತಿ ನನ್ನ ಪಾಲಿಗೆ ಮ್ಯಾಲಿಂದ ಮ್ಯಾಲೆ ಬರತಾವ.

ಆಟದ ಕಟ್ಟಳಿ

ನಿಜಾಮರ ಕಾಲ. ಯಲಬುರ್ಗಾದ ಸರಕಾರಿ ಸಾಲಿಯೊಳಗ ಉರ್ದು ನಡೀತಿತ್ತು. ನಮ್ಮ ಊರ ಹುಡುಗರಿಗೆ ಕನ್ನಡಾನೂ ಬರಲಿ ಅಂತ ನಮ್ಮಪ್ಪ ಒಬ್ಬ ಮಾಸ್ತರನ್ನ ಕರಕೊಂಡು ಬಂದು ನಮ್ಮ ಪಡಸಾಲಿಯೊಳಗ ಸಾಲಿ ಇಡಿಸಿದ. ಮನಿ ಮಗಳು ಅಂತ ನಾನೂ ಕುಂದರತಿದ್ದೆ. ಹುಡುಗಿ ಅಂದ್ರ ನಾನೊಬ್ಬಾಕಿನ.

ಮಾಸ್ತರು ಬಡಿಯೋರಲ್ಲ. ಸುತ್ತ ಕುಂದ್ರಿಸಿ ಕತಿ ಕಟ್ಟಸ್ತಿದ್ರು. ಒಬ್ಬರು ಒಂದು ಮಾತು ಹೇಳಬೇಕು, ಮುಂದಿನವರು ಅದಕ್ಕ ಇನ್ನೊಂದು ಜೋಡಸ್ಬೇಕು. ಹೊಳೀಲಿಲ್ಲಂದ್ರ ಸೋತಂಗ. ಸೋತವರು ಕಡೀ ಮಾತನ್ನ ಮಾಸ್ತರು ತೋರಿಸಿದಂಗ ಉಸುಕಿನಾಗ ಹತ್ತು ಸಲ ಬರೀಬೇಕು. ನಮ್ಮ ಸಾಲಿಯೊಳಗ ಬರಿಯೋದು ಅಂದ್ರ ಅಷ್ಟ. ನಾನು ಒಂದು ಸಲಾನೂ ಸೋಲಲಿಲ್ಲ. "ನಮ್ಮ ಹುಡುಗಿ ಬೆರಳಿಗೆ ಉಸುಕ ಹತ್ತಿಲ್ಲ" ಅಂತ ಅವ್ವ ಓಣಿ ತುಂಬ ಹೇಳಿಕೊಂಡು ಬಂದ್ಲು.

ಎಮ್ಮಿ

ಒಬ್ಬ ಹುಡುಗ ಎಲ್ಲಾ ಕತಿಯೊಳಗೂ ಎಮ್ಮಿ ತರತಿದ್ದ. ಒಮ್ಮಿ ಕತಿಯ ರಾಜಕುಮಾರಿ ಹಡಗಿನಾಗ ಹೊಂಟಿದ್ಲು. "ಅಷ್ಟರಾಗ ಒಂದು ಎಮ್ಮಿ ಬಂತ್ರಿ" ಅಂದ.

"ನಡು ಸಮುದ್ರದಾಗ ಎಲ್ಲಿಂದ ಬಂತೋ ತಮ್ಮಾ?"

"ನಮ್ಮ ಮನೀದ್ರಿ. ಮುಂಜಾನಿಂದ ಸಿಕ್ಕಿಲ್ಲ."

ಮುಂದ ಆ ಎಮ್ಮಿ ಏನು ಮಾಡ್ತು ಅಂತ ಕೇಳಿದ್ರ ಅವನಿಗೆ ಹೊಳೀತಿರಲಿಲ್ಲ. ಹಂಗಾಗಿ ದಿನಾ ಉಸುಕಿನ ಮುಂದ ಅವನ.

ನೋಡಾಕ ಬಂದ್ರು

ನಾಕು ವರ್ಷ ಆತು. ತಾವರಗೇರಾದಿಂದ ನನ್ನ ನೋಡಾಕ ಬಂದ್ರು. "ಸಾಲಿಯೊಳಗ ಇಕೀನ ಮುಂದ" ಅಂದ ಅಪ್ಪ. ಬೀಗರಾಗೋರು ಪಾಟಿ ಕೊಟ್ಟು, "ನಿನ್ನ ಹೆಸರು ಬರಿ ನೋಡೂಣು ತಂಗಿ" ಅಂದ್ರು.

ಬಳಪ ಹೆಂಗ ಹಿಡೀಬೇಕಂತ ಸುದ್ದಾ ಗೊತ್ತಿರಲಿಲ್ಲ. "ನೀವು ಮೊದಲೊಂದು ಮಾತು ಹೇಳ್ರಿ, ನಾನು ಜೋಡಸ್ತೀನಿ" ಅಂದೆ. ಅವರು ಬಿದ್ದುಬಿದ್ದು ನಕ್ಕು ಲಗ್ನ ನಿಕ್ಕಿ ಮಾಡಿದ್ರು. ಅವರು ಹೋದ ಮ್ಯಾಲೆ ಮಾಸ್ತರು ತಲಿ ಹಿಡಕೊಂಡು ಕುಂತ್ರು. "ಗೆದ್ದವರಿಗೆ ಬರೆಸಬೇಕಿತ್ತವ್ವಾ. ನಾ ತಪ್ಪಿದೆ."

ಕಡೀ ದಿನ

ಲಗ್ನ ನಿಕ್ಕಿ ಆದಾಕಿ ಹುಡುಗರ ನಡುವ ಕುಂದರಬಾರದು ಅಂದ್ಲು ಅವ್ವ. ಅತ್ತು ಕರದು ಒಂದ ದಿನ ಪಡಕೊಂಡೆ, ನನ್ನ ಹೆಸರೊಂದು ಕಲತು ಹೋಗಾಕ. "ಇವತ್ತು ಸೋತುಬಿಡು" ಅಂದ್ರು ಮಾಸ್ತರು. "ಕಡೀ ಮಾತಿನ ಬದಲಿ ನಿನ್ನ ಹೆಸರ ಬರಸ್ತೀನಿ." ಗೆದ್ದಾಕಿಗೆ ಬರಸಿ ಎಲ್ಲರ ಮುಂದ ಕಟ್ಟಳಿ ಮುರಿಯೋ ಮನಿಷಾ ಅಲ್ಲ ಅವರು.

ತುಟಿ ಕಚ್ಚಿ ಕುಂತೆ. ನನಗಿಂತ ಮೊದಲಿನ ಪಾಳಿ ಆ ಎಮ್ಮಿ ಹುಡುಗಂದು. "ಎಮ್ಮಿ ಬಾವ್ಯಾಗ ಬಿತ್ತ್ರಿ" ಅಂದ. ಪಾಳಿ ನಂದು. ಮಾಸ್ತರು ಉಸುಕು ಸಮ ಮಾಡಿ ಇಟ್ರು. ಎಲ್ಲಾರೂ ನನ್ನ ಮಾರಿನ ನೋಡಾಕತ್ತಿದ್ರು. ಬಾವ್ಯಾಗ ಎಮ್ಮಿ ಮುಳಗಾಕತ್ತಿತ್ತು. ಎಷ್ಟೊತ್ತು ತಡಕೊಳ್ಳಲಿ?

"ಊರಾಗಿನ ಹಗ್ಗಾ ಎಲ್ಲಾ ತಂದು ಗಂಟು ಹಾಕಿ ಬಾವ್ಯಾಗ ಬಿಟ್ರು" ಅಂದುಬಿಟ್ಟೆ.

ಎಮ್ಮಿ ಬದುಕಿತು. ಮುಂದಿನ ಸುತ್ತಿನಾಗ ನನ್ನ ಪಾಳಿ ಬರೋದ್ರಾಗ ಆ ಹುಡುಗನ ಸೋತ, ಆಟ ಅಲ್ಲಿಗೆ ಮುಗೀತು.

ಮಾಸ್ತರು ಮುಂದ ಕೊಪ್ಪಳಕ್ಕ ಹೋಗಿ ಅಲ್ಲೇ ತೀರಿಕೊಂಡ್ರು. ಆ ಹುಡುಗ ಸೋತು ಸೋತು ಅಕ್ಷರ ಕಲತು ಯಲಬುರ್ಗಾದ ಕಚೇರಿಯೊಳಗ ಗುಮಾಸ್ತ ಆದ. ನಾನು ಕಂಡ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿಕೊಂತ ಬಂದೆ. ಈಗ ಇದನ್ನ ಬರಕೊಳ್ಳಾಕತ್ತಾಕಿ ನನ್ನ ಮೊಮ್ಮಗಳು. "ಕಲಿಸ್ತೀನಿ ಬಾ ಅಜ್ಜಿ" ಅಂತ ದಿನಾ ಕುಂದ್ರಸ್ತಾಳ. ಬಳಪ ಕೈಗೆ ಬರೋದ್ರಾಗ ನನಗ ಏನರೇ ನೆನಪಾಗತೈತಿ. ನಾನು ಹೇಳಾಕತ್ತೀನಿ, ಅಕಿ ಕಲಿಸೂದು ಬಿಟ್ಟು ಕೇಳಾಕತ್ತಾಳ.