ಹೊತ್ತಿದ ರೊಟ್ಟಿ ಲೆಕ್ಕಕ್ಕಿಲ್ಲ

ಗಣಿತದ ಪರೀಕ್ಷೆಯಲ್ಲಿ ಮಕ್ಕಳು ಮಾಡುವ ತಪ್ಪುಗಳ ಸುದ್ದಿ ಗುರುಲಿಂಗವ್ವನ ಕಿವಿಗೆ ಮೊದಲು ಬಿದ್ದದ್ದು ಶ್ರಾವಣದ ಒಂದು ಸಂಜೆ. ಕೆರೂರಿನ ತನ್ನ ಮನೆಯ ಪಡಸಾಲೆಯಲ್ಲಿ ಅವಳು ಶೇಂಗಾ ಸುಲಿಯುತ್ತ ಕೂತಿದ್ದಳು. ಹೊರಕೋಣೆಯಲ್ಲಿ ಬಾಡಿಗೆಗಿದ್ದ ರಾಜಶ್ರೀ ಅಕ್ಕೋರು, ಅಂದರೆ ಊರ ಹೈಸ್ಕೂಲಿನಲ್ಲಿ ಎಂಟನೆಯ ಇಯತ್ತೆಗೆ ಗಣಿತ ಕಲಿಸುವ ಟೀಚರು, ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ನಗುತ್ತಿದ್ದರು. ಸಣ್ಣ ನಗೆಯಲ್ಲ. ತಡೆದು ತಡೆದು ಕೊನೆಗೆ ತಡೆಯಲಾರದೆ ಬಾಗಿಲ ಸಂದಿಯಿಂದ ಸೋರಿ ಬರುವ ನಗೆ.

ಮದುವೆಯಾಗದ ಹೆಣ್ಣುಮಗಳು ಒಬ್ಬಳೇ ನಗುತ್ತಾಳೆಂದರೆ ಕಿವಿಯಲ್ಲಿ ಫೋನಿರಬೇಕು, ಇಲ್ಲವೇ ತಲೆಯಲ್ಲಿ ಏನೋ ಕಡಿಮೆ ಇರಬೇಕು. ಎರಡರಲ್ಲಿ ಯಾವುದೆಂದು ತಿಳಿಯುವುದು ಮನೆ ಬಾಡಿಗೆಗೆ ಕೊಟ್ಟವಳ ಧರ್ಮ. ಗುರುಲಿಂಗವ್ವ ಒಂದು ಬಟ್ಟಲು ಶೇಂಗಾವನ್ನು ನೆಪಕ್ಕೆ ಹಿಡಿದು ಒಳಗೆ ಹೋದಳು. (ಬಟ್ಟಲು ತುಂಬಿರಲಿಲ್ಲ. ಅಷ್ಟು ಹೊತ್ತು ಕಾಯುವ ತಾಳ್ಮೆ ಅವಳಿಗಿರಲಿಲ್ಲ.) ಫೋನು ಕಿಟಕಿಯಲ್ಲಿ ಮಲಗಿತ್ತು. ಅಕ್ಕೋರು ಚಾಪೆಯ ಮೇಲೆ ಉತ್ತರಪತ್ರಿಕೆಗಳ ನಡುವೆ ಕೂತು, ಕೈಯಲ್ಲಿ ಕೆಂಪು ಪೆನ್ನು ಹಿಡಿದು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಪ್ರಶ್ನೆ ಹೀಗಿತ್ತಂತೆ: ಒಂದು ನಳ ತೊಟ್ಟಿಯನ್ನು ಮೂರು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ಆರು ತಾಸಿನಲ್ಲಿ, ಎರಡೂ ಬಿಟ್ಟರೆ ಎಷ್ಟು ಹೊತ್ತು ಬೇಕು? ಒಬ್ಬ ಮಹಾನುಭಾವ ಬರೆದಿದ್ದ: 'ನಮ್ಮ ಓಣಿಯಲ್ಲಿ ನಳ ಬರುವುದು ಎಂಟು ದಿನಕ್ಕೊಮ್ಮೆ, ಅದೂ ಒಂದೇ ತಾಸು. ಆದಕಾರಣ ತೊಟ್ಟಿ ತುಂಬುವುದಿಲ್ಲ.' ಇನ್ನೊಬ್ಬ ತಂದೆ-ಮಗನ ವಯಸ್ಸಿನ ಲೆಕ್ಕ ಮಾಡಿ, ತಂದೆಗೆ ಹನ್ನೆರಡು, ಮಗನಿಗೆ ಮೂವತ್ತಾರು ಎಂದು ತೀರ್ಪು ಕೊಟ್ಟು, ಕೆಳಗೆ ಅಡಿಗೆರೆ ಹಾಕಿ 'ತಾಳೆ ನೋಡಲಾಗಿದೆ' ಎಂದು ಬರೆದಿದ್ದ.

ಗುರುಲಿಂಗವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕಳು. ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವಳಿಗೆ ಗಣಿತದಲ್ಲಿ ಇಷ್ಟು ರುಚಿ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಟಿ.ವಿ. ನಗುತ್ತಿತ್ತು, ಆಗಾಗ ಅವಳೂ ಅದರ ಜೊತೆ ನಗುತ್ತಿದ್ದಳು. ಆದರೆ ಎರಡು ಜೀವ ಒಟ್ಟಿಗೆ ಕೂತು ನಕ್ಕದ್ದು ಅಂದೇ. ಅಕ್ಕೋರು ಒಂದೇ ಕರಾರು ಹಾಕಿದರು. "ಆಯಿ, ಯಾರ ಹಾಳಿ ಅಂತ ಕೇಳಬ್ಯಾಡ್ರಿ. ಮತ್ತ ಈ ಮಾತು ಹೊಸ್ತಲಾ ದಾಟಬಾರದು." ಗುರುಲಿಂಗವ್ವ ಬನಶಂಕರಿಯ ಆಣೆ ಇಟ್ಟಳು. ಆಣೆ ಇಡುವಾಗ ಅವಳು ಹೊಸ್ತಿಲ ಮೇಲೇ ಕೂತಿದ್ದಳೆಂಬುದನ್ನು ಇಬ್ಬರೂ ಗಮನಿಸಲಿಲ್ಲ.

ಅಲ್ಲಿಂದ ಮುಂದೆ ಪರೀಕ್ಷೆ ಬಂತೆಂದರೆ ಅವಳಿಗೆ ಹಬ್ಬ. ಹಾಸ್ಟೆಲಿನಲ್ಲಿ ಬೆಳೆದ ಅಕ್ಕೋರಿಗೆ ಗಣಿತವೆಲ್ಲ ಬರುತ್ತಿತ್ತು, ರೊಟ್ಟಿ ಬಡಿಯಲು ಮಾತ್ರ ಬರುತ್ತಿರಲಿಲ್ಲ. ಆದ್ದರಿಂದ ಗುರುಲಿಂಗವ್ವ ದಿನಾಲೂ ತನ್ನ ಹಂಚಿನಿಂದ ಬಿಸಿ ರೊಟ್ಟಿ ಒಯ್ದು ಕೊಡುವುದು, ಬದಲಿಗೆ ತಪ್ಪುಗಳನ್ನು ಕೇಳಿಸಿಕೊಂಡು ಬರುವುದು, ಹೀಗೆ ಒಂದು ವ್ಯವಹಾರ ನಡೆದಿತ್ತು. ತಪ್ಪು ಕಡಿಮೆಯಾದ ದಿನ ಅವಳು ರೊಟ್ಟಿಗೆ ತುಪ್ಪ ಕಡಿಮೆ ಸವರುತ್ತಿದ್ದಳು.

ದಸರೆಯ ಮುಂಚಿನ ಪರೀಕ್ಷೆಗೆ ಅಕ್ಕೋರು ಕಲಿಕೆಯಲ್ಲಿ ಹಿಂದಿದ್ದ ಹುಡುಗಿಯರಿಗೆ ನಾಲ್ಕು ಅಂಕ ಸಲೀಸಾಗಿ ಸಿಗಲೆಂದು ಒಂದು ಮನೆಮಂದಿಯ ಪ್ರಶ್ನೆ ಹಾಕಿದ್ದರು: 'ನಿಮ್ಮ ಮನೆಯಲ್ಲಿ ಐದು ಜನ. ತಲೆಗೆ ಮೂರು ರೊಟ್ಟಿ. ಎಷ್ಟು ರೊಟ್ಟಿ ಬಡಿಯಬೇಕು?' ಒಬ್ಬ ಹುಡುಗಿ ಬರೆದಿದ್ದಳು: 'ಹನ್ನೆರಡು. ಅವ್ವ ಹೊತ್ತಿದ ರೊಟ್ಟಿ ಉಣ್ಣುತ್ತಾಳೆ. ಹೊತ್ತಿದ ರೊಟ್ಟಿ ಲೆಕ್ಕಕ್ಕಿಲ್ಲ.'

ಇಬ್ಬರೂ ಹೊಟ್ಟೆ ಹಿಡಿದುಕೊಂಡರು. ಅಕ್ಕೋರು ನಗುತ್ತಲೇ ತಪ್ಪು ಹಾಕಿದರು. ಗುರುಲಿಂಗವ್ವ ಅಕ್ಕೋರಿಗಿಂತ ಹೆಚ್ಚು ನಕ್ಕಳು. ಇಂಥ ಹುಡುಗಿಯನ್ನು ಸೊಸೆ ಮಾಡಿಕೊಂಡವರ ಹಿಟ್ಟಿನ ಡಬ್ಬಿ ಎಂದೂ ಖಾಲಿಯಾಗುವುದಿಲ್ಲ ಎಂದಳು.

ಹಿಟ್ಟಿನ ಡಬ್ಬಿ ಎಂದದ್ದೇ ಮುಳುವಾಯಿತು. ಮರುದಿನ ಅವಳದೇ ಡಬ್ಬಿ ಖಾಲಿಯಾಗಿ, ಜೋಳ ಬೀಸಿಸಲು ಜಲಾಲುದ್ದೀನನ ಗಿರಣಿಗೆ ಹೋದಳು. ಪಾಳಿ ಉದ್ದವಿತ್ತು. ಹತ್ತಾರು ಹೆಂಗಸರು ಡಬ್ಬಿಗಳ ಮೇಲೆ ಕೂತು ಬೇಸರದಿಂದ ಆಕಳಿಸುತ್ತಿದ್ದರು. ಅಷ್ಟು ಜನ ಬೇಸರದಲ್ಲಿರುವಾಗ ಅಂಥ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವುದು ಯಾವ ದೇವರಿಗೂ ಮೆಚ್ಚಿಗೆಯಾಗದು ಎಂದು ಅವಳಿಗೆ ಅನ್ನಿಸಿತು. (ಬನಶಂಕರಿಯನ್ನು ಕೇಳಿದ್ದರೆ ಬೇರೆ ಮಾತು ಬರುತ್ತಿತ್ತೋ ಏನೋ, ಕೇಳಲಿಲ್ಲ.) ಗಿರಣಿಯ ಸದ್ದಿಗೆ ಪಕ್ಕದವಳ ಮಾತೂ ಕೇಳುವುದಿಲ್ಲ. ಆದ್ದರಿಂದ ಗುರುಲಿಂಗವ್ವ ಗಂಟಲು ಹರಿಯುವಂತೆ ಕೂಗಿಯೇ ಕಥೆ ಹೇಳಿದಳು. ಅಕ್ಕೋರ ಪ್ರಶ್ನೆ ಕೂಗಿದಳು, ಐದು ಜನ ಎಂದು ಕೂಗಿದಳು, ಹನ್ನೆರಡು ಎಂದು ಕೂಗಿದಳು. ಇನ್ನೇನು ಮುಖ್ಯ ಮಾತು ಬರಬೇಕು, ಕರೆಂಟು ಹೋಯಿತು. ಗಿರಣಿ ತಣ್ಣಗೆ ನಿಂತಿತು. ಗುರುಲಿಂಗವ್ವ ನಿಲ್ಲಲಿಲ್ಲ.

"ಅವ್ವ ಹೊತ್ತಿದ ರೊಟ್ಟಿ ಉಣ್ತಾಳ, ಅಕಿನ್ನ ಲೆಕ್ಕಕ್ಕ ಹಿಡಿಯಂಗಿಲ್ಲ."

ಮಾತು ಸಂತೆಪೇಟೆಯ ತುದಿಯವರೆಗೂ ಹೋಯಿತು. ಎದುರಿನ ಚಹಾದಂಗಡಿಯಲ್ಲಿದ್ದ ಗಂಡಸರು ಹೋ ಎಂದು ನಕ್ಕರು. ಗಿರಣಿಯೊಳಗೆ ಒಬ್ಬ ಹೆಂಗಸೂ ನಗಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಡಬ್ಬಿಯ ಮುಚ್ಚಳ ನೋಡುತ್ತ ಕೂತರು. ಮಾತು ಅರ್ಥವಾಗಲಿಲ್ಲವೇನೋ ಎಂದು ಗುರುಲಿಂಗವ್ವ ಇನ್ನೊಮ್ಮೆ ಹೇಳಲು ಬಾಯಿ ತೆಗೆದಿದ್ದಳು. ಪುಣ್ಯಕ್ಕೆ ಕರೆಂಟು ಬಂತು.

ಅಂದು ಸಂಜೆಯೇ ಹುಚ್ಚವ್ವ ಮನೆಗೆ ಬಂದಳು. ಅವಳ ಮಗಳು ಕಸ್ತೂರಿ ಎಂಟನೆಯ ಇಯತ್ತೆ. ಕಟ್ಟೆಯ ಕೆಳಗೇ ನಿಂತು ಕೇಳಿದಳು, "ನನ್ನ ಮಗಳ ಹಾಳಿ ಗಿರಣ್ಯಾಗ ಓದಸೂದಾದ್ರ ಅಕಿನ್ನ ಸಾಲಿಗ್ಯಾಕ ಕಳಸಬೇಕ್ರಿ ಅಕ್ಕೋರ? ಗಿರಣಿಗೇ ಕಳಸ್ತೇನಿ."

ಅವಳು ಹೋಗುತ್ತಿದ್ದಂತೆ ದುರಗವ್ವ ಬಂದಳು: ಅದು ನನ್ನ ಮಗಳದೇ ಹಾಳಿ, ಚಹಾದಂಗಡಿಯಲ್ಲಿ ನನ್ನ ಗಂಡನೂ ನಗುತ್ತಿದ್ದ. ಮರುದಿನ ಅದೇ ಇಯತ್ತೆಯ ಖುಶನುಮಾಳ ತಾಯಿ ಬಂದು, ನಮ್ಮ ಮನೆಯ ಹಂಚಿನ ಮಾತು ಊರಿಗೆಲ್ಲ ಯಾಕೆ ಎಂದಳು. ಆಮೇಲೆ ಬಂದವಳ ಮಗಳು ಇನ್ನೂ ಐದನೆಯ ಇಯತ್ತೆ. ಅವಳ ಹಿಂದೆಯೇ ಬಂದವಳಿಗೆ ಮಗಳೇ ಇರಲಿಲ್ಲ; ಇಬ್ಬರು ಗಂಡುಮಕ್ಕಳಲ್ಲಿ ಯಾವನೋ ಒಬ್ಬ ಬರೆದಿರಬೇಕು, ಇಬ್ಬರಿಗೂ ಎರಡೆರಡು ಕೊಟ್ಟು ಬಂದಿದ್ದೇನೆ ಎಂದಳು. ಬರೆದವಳು ಒಬ್ಬಳೇ, ಆದರೆ ಅವಳ ತಾಯಂದಿರು ದಿನದಿನಕ್ಕೆ ಹೆಚ್ಚುತ್ತಿದ್ದರು.

ನಿಮ್ಮ ಮಗಳದಲ್ಲ ಎಂದು ಒಬ್ಬೊಬ್ಬರಿಗೆ ಹೇಳುತ್ತ ಹೋದರೆ ಕಳೆದು ಕಳೆದು ಕೊನೆಗೆ ಉಳಿಯುವವಳು ಯಾರೆಂದು ಊರಿಗೆ ಗೊತ್ತಾಗಿಬಿಡುತ್ತದೆ. ಅಷ್ಟು ಕಳೆಯುವ ಲೆಕ್ಕ ಕೆರೂರಿನಲ್ಲಿ ಎಲ್ಲರಿಗೂ ಬರುತ್ತದೆ. ಆದ್ದರಿಂದ ಅಕ್ಕೋರು ಯಾರಿಗೂ ಅಲ್ಲ ಎನ್ನದೆ, ತಲೆ ತಗ್ಗಿಸಿ, ಬಂದವರಿಗೆಲ್ಲ 'ತಪ್ಪು ನಂದು' ಎಂದರು. ಗುರುಲಿಂಗವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ತನ್ನ ಹೆಸರು ಬರುತ್ತದೆಂದು ಕಾದಳು. ಬರಲಿಲ್ಲ. ಬಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂದಿನಿಂದ ಅಕ್ಕೋರು ಉತ್ತರಪತ್ರಿಕೆಗಳನ್ನು ಸಾಲಿಯಲ್ಲೇ ತಿದ್ದಿ ಬರತೊಡಗಿದರು. ಮಾತು ಬಿಡಲಿಲ್ಲ. ರೊಟ್ಟಿ ಇಸಿದುಕೊಳ್ಳುತ್ತಿದ್ದರು, ಉಂಡಿರಾ ಎಂದು ಕೇಳುತ್ತಿದ್ದರು, ಒಳಗೆ ಹೋಗುತ್ತಿದ್ದರು. ಗುರುಲಿಂಗವ್ವ ತುಪ್ಪ ಹೆಚ್ಚು ಸವರಿ ನೋಡಿದಳು. ಅವರ ಬಾಗಿಲ ಹತ್ತಿರವೇ ಕೂತು ಸದ್ದು ಮಾಡಿ ಶೇಂಗಾ ಸುಲಿದಳು. ಸಂಕ್ರಾಂತಿಯ ಹೊತ್ತಿಗೆ ತಡೆಯಲಾರದೆ, ಈ ಸಲ ಯಾವ ಮಹಾನುಭಾವನೂ ತಪ್ಪು ಮಾಡಿಲ್ಲವೇ ಎಂದು ಕೇಳಿಯೇಬಿಟ್ಟಳು.

"ತಪ್ಪು ಮಾಡಾಕ ಏನಾರ ಬರೀಬೇಕಲ್ರಿ ಆಯಿ," ಎಂದರು ಅಕ್ಕೋರು. "ಹುಡುಗ್ಯಾರು ಖಾಲಿ ಬಿಟ್ಟಾರ. ಗಿರಣ್ಯಾಗ ಓದ್ತಾರಂತ ಅಂಜ್ಯಾರ. ತಪ್ಪಾಗಿದ್ರ ತಿದ್ದತಿದ್ನಿ. ಖಾಲಿ ಹಾಳ್ಯಾಗ ಏನ್ ತಿದ್ದಲಿ?"

ಮರುದಿನ ಬೆಳಗ್ಗೆ ಎದ್ದಾಗ ಗುರುಲಿಂಗವ್ವನಿಗೆ ಒಂದು ಉಪಾಯ ಹೊಳೆದಿತ್ತು. ಕಾಲು ಡಬ್ಬಿ ಜೋಳ ಹಿಡಿದು ಗಿರಣಿಗೆ ಹೋಗಿ, ಪಾಳಿಯವರೆಲ್ಲ ಕೇಳುವಂತೆ ಸಾರಿದಳು: ಆ ರೊಟ್ಟಿಯ ಮಾತು ಯಾವ ಹುಡುಗಿಯೂ ಬರೆದದ್ದಲ್ಲ, ಸಣ್ಣಂದಿನಲ್ಲಿ ನಾನೇ ನನ್ನ ಪಾಟಿಯ ಮೇಲೆ ಬರೆದಿದ್ದೆ, ಅಕ್ಕೋರ ಹೆಸರನ್ನು ಸುಮ್ಮನೆ ಸೇರಿಸಿದೆ. ಜಲಾಲುದ್ದೀನ ಹಿಟ್ಟು ಝಾಡಿಸಿಕೊಳ್ಳುತ್ತ, "ಎರಡನೆತ್ತಿಗೆ ಸಾಲಿ ಬಿಟ್ಟಾಕಿ, ಹನ್ನೆರಡರ ತನಕಾ ಎಣಸಾಕ ಯಾವಾಗ ಕಲತಿಬೇ?" ಎಂದು ಕೇಳಿದ. ಈ ಸಲ ಹೆಂಗಸರೆಲ್ಲ ನಕ್ಕರು.

ಬೇಸಿಗೆಯಲ್ಲಿ ಅಕ್ಕೋರಿಗೆ ಹುನಗುಂದಕ್ಕೆ ವರ್ಗವಾಯಿತು. ತಾವಾಗಿ ಬೇಡಿ ಮಾಡಿಸಿಕೊಂಡರೋ, ಸರಕಾರವೇ ಮಾಡಿತೋ, ಗುರುಲಿಂಗವ್ವ ಕೇಳಲಿಲ್ಲ. ಜೀವಮಾನದಲ್ಲಿ ಅವಳು ಕೇಳದೆ ಬಿಟ್ಟ ಮಾತು ಅದೊಂದೇ ಇರಬೇಕು.

ಸಾಮಾನಿನ ಟೆಂಪೊ ಬರುವ ಬೆಳಿಗ್ಗೆ ಅವಳು ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಅಕ್ಕೋರು ಬಂದು, ಎಷ್ಟೋ ತಿಂಗಳ ಮೇಲೆ, ಒಲೆಯ ಹತ್ತಿರ ಕೂತರು. ಗುರುಲಿಂಗವ್ವ ಒಂದೇ ಸವನೆ ಮಾತಾಡಿದಳು. ಹುನಗುಂದದ ಹುಡುಗರೂ ತಪ್ಪು ಮಾಡಿಯೇ ಮಾಡುತ್ತಾರೆ, ತಂದೆಗಿಂತ ಮಗ ದೊಡ್ಡವನಾಗುವುದು ಎಲ್ಲ ಊರಿನಲ್ಲೂ ಇದೆ, ಎಂದೆಲ್ಲ ಹೇಳಿದಳು. ಅಕ್ಕೋರು ಹ್ಞೂಂ ಎನ್ನುತ್ತಿದ್ದರು. ಅವರ ಮುಖದಲ್ಲಿ ನಗೆ ಎಲ್ಲಾದರೂ ಇಣುಕುತ್ತದೆಯೇ ಎಂದು ನೋಡುವುದರಲ್ಲಿ ಗುರುಲಿಂಗವ್ವನಿಗೆ ಹಂಚಿನ ಕಡೆ ಲಕ್ಷ್ಯ ಹೋಗಲಿಲ್ಲ. ಒಂದು ರೊಟ್ಟಿ ಹೊತ್ತಿತು. ಅವಳು ಅದನ್ನು ಎತ್ತಿ, ಯೋಚನೆಯೇ ಇಲ್ಲದೆ, ಬುಟ್ಟಿಗೆ ಹಾಕದೆ ಹಿಂದೆ ಗೋಡೆಯ ಬದಿಗಿಟ್ಟ ತನ್ನ ತಾಟಿಗೆ ಸರಿಸಿದಳು. ತಾಟಿನಲ್ಲಿ ನಿನ್ನೆಯದೊಂದು ಕರಿ ರೊಟ್ಟಿ ಆಗಲೇ ಇತ್ತು.

ಅಕ್ಕೋರು ತಾಟು ನೋಡಿದರು. ಬುಟ್ಟಿಯಲ್ಲಿ ಚಂದ್ರನಂತೆ ಬೆಳ್ಳಗೆ ಪೇರಿಸಿದ್ದ ತಮ್ಮ ಪಾಲಿನ ರೊಟ್ಟಿ ನೋಡಿದರು. ಗುರುಲಿಂಗವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಇಡೀ ಕೆರೂರಿನ ತಾಯಂದಿರು ಬಂದು ಆ ಹಾಳಿ ತಮ್ಮ ಮನೆಯದೆಂದು ಜಗಳಾಡಿ ಹೋಗಿದ್ದರು. ಅವರ ಪಾಳಿಯಲ್ಲಿ ನಿಲ್ಲದೆ ಉಳಿದವಳು ತಾನೊಬ್ಬಳೇ ಎಂದು ಅವಳಿಗೆ ಆಗ ಹೊಳೆಯಿತು. ಹೊಳೆದು, ಮುಖ ಎಲ್ಲಿಡಬೇಕೆಂದು ತಿಳಿಯದೆ, ಒಲೆಯ ಹೊಗೆ ಕಣ್ಣಿಗೆ ಹೋಯಿತೆಂದಳು. ಒಲೆ ಗ್ಯಾಸಿನದು.

ಅದಕ್ಕೆ ಅಕ್ಕೋರು ನಕ್ಕರು. ಅದೇ ಹಳೆಯ ನಗೆ, ತಡೆದು ತಡೆದು ಸೋರುವಂಥದ್ದು. ಗುರುಲಿಂಗವ್ವ ಅದರ ಜೊತೆ ಸೇರಿಕೊಳ್ಳಬೇಕೆನ್ನುವಷ್ಟರಲ್ಲಿ ಹೊರಗೆ ಟೆಂಪೊದವನು ಹಾರ್ನ್ ಬಾರಿಸಿದ. ಅಕ್ಕೋರು ಎದ್ದು, ಸೆರಗಿನಿಂದ ಕಣ್ಣು ಒರೆಸಿಕೊಂಡು, ತಾಟಿನ ಕಡೆ ಕೈ ಚಾಚಿದರು.

"ಆಯಿ, ಆ ಹೊತ್ತಿದ್ದು ನನ್ನ ಬುತ್ತಿಗಿ ಕಟ್ರಿ."