ಬೋಳು ಟೈರಿನ ದೇಶವ್ರತ

ಹುಂಚದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಶಾಂತಿಕುಮಾರರಿಗೆ ಬಟ್ಟೆಯ ವಿಷಯ ಅಷ್ಟಾಗಿ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಬೈಕಿನ ಟೈರು. ಪಂಚೆ ಕೊಳ್ಳಲು ಬಂದವನು ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದರೆ ಸಾಕು, ಇವರು ಕತ್ತರಿ ಕೆಳಗಿಟ್ಟು ಹೊರಗೆ ಬಂದು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ವೈದ್ಯರು ನಾಲಿಗೆ ನೋಡುವ ಹಾಗೆ ಟೈರು ನೋಡುತ್ತಾರೆ.

"ಬದೀಲಿ ನಾಲ್ಕು ಅಂಕಿ ಇದೆ ನೋಡು. ಮೊದಲಿನೆರಡು ಯಾವ ವಾರ ಹುಟ್ಟಿದ್ದು, ಕೊನೆಯೆರಡು ಯಾವ ವರ್ಷ. ಜಾತಕ ನೋಡದೇ ಮನೆ ತುಂಬಿಸ್ಕೊಂಡ್ಯಲ್ಲ ಮಾರಾಯ."

ಅಲ್ಲಿಂದ ಮುಂದೆ ಪ್ರವಚನ. ಗಟ್ಟಿ ರಬ್ಬರು ಬಹಳ ಕಾಲ ಬರುತ್ತದೆ, ಆದರೆ ಮಳೆಯಲ್ಲಿ ಜಾರುತ್ತದೆ. ಮೆದು ರಬ್ಬರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಹಿಂದಿನ ಟೈರು ಮುಂದಿನದಕ್ಕಿಂತ ಮೊದಲೇ ಹೋಗುತ್ತದೆ. ಗೆರೆಗಳ ನಡುವೆ ಒಂದು ಪುಟ್ಟ ಉಬ್ಬು ಇರುತ್ತದೆ, ಟೈರು ಸವೆದು ಅದರ ಮಟ್ಟಕ್ಕೆ ಬಂತೆಂದರೆ ಬದಲಿಸಲೇಬೇಕು. ಕೇಳಿದವನು ತಲೆದೂಗಿ, ಪಂಚೆಯನ್ನು ಮರೆತು, ಟೈರು ಕೊಳ್ಳಲು ಸಾಗರಕ್ಕೆ ಹೋಗುತ್ತಾನೆ.

ಇಷ್ಟೆಲ್ಲ ಬಲ್ಲವರ ಸ್ವಂತ ಬೈಕಿನ ಹಿಂದಿನ ಟೈರಿನಲ್ಲಿ ಆ ಉಬ್ಬೂ ಸವೆದುಹೋಗಿತ್ತು. (ಟೈರು ಮತ್ತು ಅವರ ನೆತ್ತಿ ಒಂದೇ ವರ್ಷ ಬೋಳಾದವು ಎಂಬುದು ಅವರ ಪತ್ನಿ ವಿಜಯಲಕ್ಷ್ಮಿಯವರ ಹೇಳಿಕೆ.) ಶಾಂತಿಕುಮಾರರ ಪ್ರಕಾರ ಅದು ಸವೆತವಲ್ಲ, ಸಾಧನೆ. "ಟೈರ್ ಸವೆಯೋದು ರಸ್ತೆಯಿಂದಲ್ಲ, ಮನುಷ್ಯನ ಸ್ವಭಾವದಿಂದ. ಸಿಟ್ಟಿನವನು ಬ್ರೇಕ್ ಒತ್ತುತ್ತಾನೆ, ಅಹಂಕಾರಿ ಆಕ್ಸಿಲರೇಟರ್ ತಿರುಗಿಸ್ತಾನೆ. ನಾನು ಎರಡನ್ನೂ ಬಿಟ್ಟವನು. ನನ್ನ ಕೈಲಿ ಟೈರ್ ಸವೆಯೋದೇ ಇಲ್ಲ." (ಎರಡನ್ನೂ ಬಿಟ್ಟವರು ಹೊರಡುವುದು ಹೇಗೆ, ನಿಲ್ಲುವುದು ಹೇಗೆ ಎಂದು ಯಾರೂ ಕೇಳಿರಲಿಲ್ಲ.) ಆದರೂ ಅಂಗಡಿಯ ಮುಂದೆ ಬೈಕ್ ನಿಲ್ಲಿಸುವಾಗ ಅದರ ಹಿಂಭಾಗವನ್ನು ಗೋಡೆಯ ಕಡೆಗೇ ತಿರುಗಿಸುತ್ತಿದ್ದರು.

ನಿಜ ಸಂಗತಿಯೆಂದರೆ ಅವರಿಗೆ ಸ್ವಂತಕ್ಕೊಂದು ಟೈರು ಆರಿಸಲು ಆಗುತ್ತಿರಲಿಲ್ಲ. ಊರವರಿಗೆಲ್ಲ ನಿಂತ ಕಾಲಲ್ಲಿ ತೀರ್ಪು ಕೊಡುವ ಈ ನ್ಯಾಯಾಧೀಶರು ತಮ್ಮ ಮೊಕದ್ದಮೆಯಲ್ಲಿ ಮಾತ್ರ ವರ್ಷಗಟ್ಟಲೆ ಮೊಬೈಲಿನಲ್ಲಿ ಟೈರಿನ ವಿಡಿಯೋ ನೋಡುತ್ತ ವಿಚಾರಣೆ ಮುಂದೂಡುತ್ತಿದ್ದರು.

ಆಷಾಢದ ಮೊದಲ ಮಳೆಗೆ ಬೈಕೇ ತೀರ್ಪು ಕೊಟ್ಟಿತು. ಹಿಂದೆ ವಿಜಯಲಕ್ಷ್ಮಿಯವರನ್ನು ಕೂರಿಸಿಕೊಂಡು ಬರುವಾಗ, ತಿರುವಿನಲ್ಲಿ, ಯಾವ ಆತುರವೂ ಇಲ್ಲದೆ ಅದು ಎಡಕ್ಕೆ ಮಲಗಿತು. ಶಾಂತಿಕುಮಾರರು ರಸ್ತೆಯಲ್ಲೇ ಉಳಿದರು. ವಿಜಯಲಕ್ಷ್ಮಿ ಪಕ್ಕದ ಗದ್ದೆಯಲ್ಲಿ ಕೂತರು.

"ಬಿದ್ದಿದ್ದಲ್ಲ, ಇಳಿದಿದ್ದು ಅಂತ ಇಟ್ಕೋ," ಎಂದರು ಶಾಂತಿಕುಮಾರರು.

"ಇಳಿಯೋದಾಗಿದ್ರೆ ಕಾಲಲ್ಲಿ ಇಳೀತಿದ್ದೆ. ಕೇಳಿ ಇಲ್ಲಿ. ಶ್ರಾವಣದಲ್ಲಿ ತೀರ್ಥಹಳ್ಳೀಲಿ ನಮ್ಮಣ್ಣನ ಮಗಳು ಅಪೂರ್ವನ ನಿಶ್ಚಿತಾರ್ಥ. ಅಷ್ಟರೊಳಗೆ ಎರಡೂ ಟೈರ್ ಹೊಸದಾಗ್ಬೇಕು."

"ಮಳೆಗಾಲದಲ್ಲಿ ಹೊಸ ಟೈರ್ ಹಾಕ್ಸೋದು ಅಂದ್ರೆ ಹೊಸ ಸೀರೆ ಉಟ್ಟು ಗದ್ದೆಗೆ ಇಳಿದ ಹಾಗೆ."

"ನಾನೀಗ ಕೂತಿರೋದು ಗದ್ದೇಲೇ. ಸೀರೆನೂ ಹೊಸದೇ."

"ಅಲ್ವೇ, ಯಾವುದು ಹಾಕ್ಸೋದು ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ."

"ನನ್ನ ನೋಡೋಕೆ ಬಂದಾಗ ಉಪ್ಪಿಟ್ಟಿನ ತಟ್ಟೆ ಖಾಲಿ ಆಗೋದ್ರೊಳಗೆ ಒಪ್ಪಿದ್ರಿ. ಟೈರಿಗೆ ಇಷ್ಟು ವರ್ಷವಾ?"

ಅದಕ್ಕೇ ಈಗ ಹುಷಾರಾಗಿದ್ದೀನಿ ಎಂಬ ಮಾತು ಶಾಂತಿಕುಮಾರರ ತುಟಿಯ ತನಕ ಬಂದು, ಪರಿಸ್ಥಿತಿ ನೋಡಿ ವಾಪಸು ಹೋಯಿತು.

ಅದೇ ವಾರ ಚಾತುರ್ಮಾಸ ಶುರುವಾಯಿತು. ಮಳೆಗಾಲದ ಆ ನಾಲ್ಕು ತಿಂಗಳಿಗೆ ಊರಿನ ಜೈನ ಶ್ರಾವಕರೆಲ್ಲ ಬಸದಿಯಲ್ಲಿ ಸೇರಿ ಒಂದೊಂದು ನಿಯಮ ತೆಗೆದುಕೊಳ್ಳುವುದು ರೂಢಿ. ಒಬ್ಬರು ಸೊಪ್ಪು ಬಿಟ್ಟರು, ಒಬ್ಬರು ಮೊಸರು ಬಿಟ್ಟರು, ಮತ್ತೊಬ್ಬರು ಟೀವಿ ಬಿಟ್ಟರು. (ಕರೆಂಟು ಹೇಗೂ ಇರುವುದಿಲ್ಲ.) ಶಾಂತಿಕುಮಾರರ ಸರದಿ ಬಂದಾಗ ಅವರ ತಲೆಯಲ್ಲಿ ಜ್ಞಾನೋದಯವಾಯಿತು.

"ನಾನು ದೇಶವ್ರತ ತಗೋತೀನಿ. ದೀಪಾವಳಿ ತನಕ ಹುಂಚದ ಗಡಿ ದಾಟೋದಿಲ್ಲ."

ಸಭೆಯವರೆಲ್ಲ ತಿರುಗಿ ನೋಡಿದರು. ಓಡಾಟಕ್ಕೆ ಎಲ್ಲೆ ಹಾಕಿಕೊಂಡು ದಾರಿಯ ಜೀವಜಂತುಗಳನ್ನು ಉಳಿಸುವ ಇಂಥ ವ್ರತವನ್ನು ಈಗಿನ ಕಾಲದಲ್ಲಿ ಕೇಳುವವರೇ ಕಡಿಮೆ. ಶಾಂತಿಕುಮಾರರಿಗೆ ಉಳಿಸಬೇಕಾಗಿದ್ದ ಜೀವ ಒಂದೇ, ಅದು ಟೈರು. ತೀರ್ಥಹಳ್ಳಿಯ ಪ್ರಯಾಣ ತಪ್ಪಿತು, ಆರಿಸುವ ಸಂಕಟ ದೀಪಾವಳಿಗೆ ಹೋಯಿತು, ಧರ್ಮದ ವಿಷಯವಾದ್ದರಿಂದ ಹೆಂಡತಿಯ ಬಾಯಿಗೂ ಬೀಗ ಬಿತ್ತು.

ಊರಿನ ಹಿರಿಯರಾದ ಧರಣೇಂದ್ರಯ್ಯನವರ ಕಣ್ಣು ಒದ್ದೆಯಾಯಿತು. "ಮನೇಲಿ ಬೈಕ್ ಇದ್ದೂ ಓಡಾಟ ಬಿಡೋದು ಸಣ್ಣ ಮಾತಲ್ಲ ಶಾಂತಿಕುಮಾರ್ರೇ."

ಹೆಂಗಸರ ಸಾಲಿನಲ್ಲಿದ್ದ ವಿಜಯಲಕ್ಷ್ಮಿ ಕೈಮುಗಿದರು. ಮನೆಗೆ ಬಂದು ಧರ್ಮಗ್ರಂಥ ತೆಗೆದು ಓದುತ್ತ ಕೂತರು. ಶಾಂತಿಕುಮಾರರು ಹೆದರಬೇಕಾಗಿದ್ದ ಗಳಿಗೆ ಅದು. ಅವರು ಅದನ್ನು ಭಕ್ತಿ ಎಂದು ತಿಳಿದರು. ಊರಲ್ಲಿ ಅವರ ಕೀರ್ತಿ ಹಬ್ಬಿತು. ಅವರು ನಡೆದು ಬಂದರೆ ಜನ ದಾರಿ ಬಿಡತೊಡಗಿದರು.

ನಿಶ್ಚಿತಾರ್ಥಕ್ಕೆ ವಾರವಿದೆ ಎನ್ನುವಾಗ ಸಾಗರದಿಂದ ವಿಜಯಲಕ್ಷ್ಮಿಯವರ ತಮ್ಮ ಆದೀಶ್ ಒಂದು ಪಿಕಪ್ ವಾಹನ ತಂದು ಬಾಗಿಲಲ್ಲಿ ನಿಲ್ಲಿಸಿದ.

"ಭಾವ, ಬೈಕಿನ ಕೀ ಕೊಡಿ."

"ಎಂತಕ್ಕೆ?"

"ವ್ರತ ತಗೊಂಡಿದ್ದು ನೀವು," ಎಂದರು ವಿಜಯಲಕ್ಷ್ಮಿ. "ಬೈಕ್ ತಗೊಂಡಿಲ್ಲ. ಸಾಗರಕ್ಕೆ ಹೋಗಿ ಎರಡೂ ಟೈರ್ ಹಾಕಿಸ್ಕೊಂಡು ಬರ್ತೀವಿ. ತೀರ್ಥಹಳ್ಳಿಗೆ ಆದೀಶನ ಜೊತೆ ಹೋಗ್ತೀನಿ."

"ಅದನ್ನ ಪಿಕಪ್ಪಲ್ಲಿ ಯಾಕೆ ಹಾಕ್ಬೇಕು? ಓಡಿಸ್ಕೊಂಡು ಹೋಗು."

"ಆ ಟೈರಲ್ಲಿ ನಾನು ಓಡಿಸಲ್ಲ ಭಾವ. ನಂಗಿನ್ನೂ ಮದುವೆ ಆಗಿಲ್ಲ."

ಶಾಂತಿಕುಮಾರರಿಗೆ ಚಿಂತೆ ಹತ್ತಿದ್ದು ಬೈಕು ಹೋಗುವುದಕ್ಕಲ್ಲ. ಇಡೀ ಹುಂಚಕ್ಕೆ ಟೈರು ಆರಿಸಿಕೊಟ್ಟವರ ಬೈಕಿಗೆ ಇನ್ನೊಬ್ಬರು ಟೈರು ಆರಿಸುವುದೆಂದರೆ ಇನ್ನು ಉಳಿಯುವುದೇನು?

"ಆಯ್ತು, ಹೋಗಿ. ಅಂಗಡಿಯಿಂದ ಫೋನ್ ಮಾಡಿ. ಯಾವುದು ಅಂತ ನಾನು ಹೇಳ್ತೀನಿ."

"ಫೋನಾ? ಗಡಿಯಾಚೆಗೆ ಧ್ವನಿ ಕಳಿಸಿದ್ರೆ ಶಬ್ದಾನುಪಾತ. ವ್ರತಕ್ಕೆ ದೋಷ." (ವಿಜಯಲಕ್ಷ್ಮಿ ವಾರವಾರ ಬಸದಿಯ ಸ್ವಾಧ್ಯಾಯಕ್ಕೆ ಹೋಗಿ ಧರ್ಮಗ್ರಂಥ ಓದುವವರು. ಶಾಂತಿಕುಮಾರರು ಆ ಹೊತ್ತಿನಲ್ಲಿ ಟೈರಿನ ವಿಡಿಯೋ ನೋಡುವವರು.)

"ವಿಡಿಯೋ ಕಾಲ್ ಮಾಡಿ ಹಾಗಾದ್ರೆ. ಮಾತಾಡಲ್ಲ, ಬೆರಳು ತೋರಿಸ್ತೀನಿ."

"ರೂಪಾನುಪಾತ. ಮುಖ ಮೈ ತೋರಿಸಿ ಆಚೆ ಕೆಲಸ ಮಾಡಿಸೋದು."

"ಒಂದು ಚೀಟಿ ಕೊಟ್ಟು ಕಳಿಸ್ಲಾ?"

"ಪುದ್ಗಲಕ್ಷೇಪ. ಗಡಿಯಾಚೆಗೆ ವಸ್ತು ಎಸೆಯೋದು."

"ಬೇಡ ಬಿಡು. ಆನ್‌ಲೈನಲ್ಲಿ ತರಿಸ್ತೀನಿ."

"ಆನಯನ. ಹೊರಗಿಂದ ತರಿಸ್ಕೊಳ್ಳೋದು."

"ಆದೀಶನ ಕಿವೀಲಿ ಹೇಳಿ ಕಳಿಸಿದ್ರೆ?"

"ಪ್ರೇಷ್ಯಪ್ರಯೋಗ. ಆಳು ಕಳಿಸೋದು."

"ನಾನು ಆಳಾ ಅಕ್ಕ?" ಎಂದ ಆದೀಶ್.

ಫೋನೇ ಇಲ್ಲದ ಕಾಲದಲ್ಲಿ ವಿಡಿಯೋ ಕಾಲಿಗೂ ಬೇಲಿ ಹಾಕಿ ಹೋಗಿದ್ದ ಪೂರ್ವಿಕರ ದೂರದೃಷ್ಟಿಗೆ ಶಾಂತಿಕುಮಾರರು ಬೆವರಿದರು. "ಇದನ್ನೆಲ್ಲ ಯಾರು ಪಾಲಿಸ್ತಾರೆ ಈಗ?"

"ನೀವು ಪಾಲಿಸ್ತೀರಿ. ಆಗಲ್ಲಾಂದ್ರೆ ಧರಣೇಂದ್ರಯ್ಯನವರ ಹತ್ರ ಹೋಗಿ, ಟೈರ್ ಬೋಳಾಗಿತ್ತು, ಅದಕ್ಕೇ ವ್ರತ ತಗೊಂಡೆ ಅಂತ ಹೇಳಿ. ಪ್ರಾಯಶ್ಚಿತ್ತ ಕೊಡ್ತಾರೆ."

ಬೈಕು ಪಿಕಪ್ ಏರಿತು. ಶಾಂತಿಕುಮಾರರು ಅಂಗಡಿಯಿಂದ ಒಂದು ಹೊಸ ಪಂಚೆ ತಂದು ಹಿಂದಿನ ಚಕ್ರಕ್ಕೆ ಸುತ್ತಿದರು. "ಧೂಳು ಬೀಳತ್ತೆ," ಎಂದರು. ಆಗ ಮಳೆ ಧೋ ಎಂದು ಸುರಿಯುತ್ತಿತ್ತು.

ಮಧ್ಯಾಹ್ನ ಧರಣೇಂದ್ರಯ್ಯನವರು ಅಂಗಡಿಗೆ ಬಂದು ಕೂತಿದ್ದಾಗ ಮೊಬೈಲು ಅರಚಿತು. ಆದೀಶನ ವಿಡಿಯೋ ಕಾಲು. ಪರದೆಯ ಮೇಲೆ ಶಾಂತಿಕುಮಾರರಿಗೆ ತಮ್ಮದೇ ಮುಖ ಕಂಡಿತು, ಊಟದ ಮನೆಯ ಬಾಗಿಲಲ್ಲಿ ನಿಂತ ಹಸಿದವನ ಮುಖದ ಹಾಗೆ. ಒಂದು ಬೆರಳು ಒತ್ತಿದರೆ ಸಾಗರದ ಟೈರಿನಂಗಡಿಯೇ ಕಣ್ಣೆದುರು ತೆರೆಯುತ್ತಿತ್ತು. ಧರಣೇಂದ್ರಯ್ಯನವರು ಕನ್ನಡಕ ಏರಿಸಿ ನೋಡುತ್ತಿದ್ದರು.

"ರೂಪಾನುಪಾತ," ಎಂದು ಶಾಂತಿಕುಮಾರರು ಕಣ್ಣು ಮುಚ್ಚಿ ಕರೆ ಕತ್ತರಿಸಿದರು. ಇಬ್ಬರ ಕಣ್ಣಲ್ಲೂ ನೀರು ಬಂತು, ಬೇರೆ ಬೇರೆ ಕಾರಣಕ್ಕೆ.

ಸಂಜೆ ಬೈಕು ತನ್ನ ಕಾಲ ಮೇಲೆ ತಾನೇ ಬಂತು. ಶಾಂತಿಕುಮಾರರು ಕುಕ್ಕರಗಾಲಲ್ಲಿ ಕುಳಿತು ತಪ್ಪು ಹುಡುಕಿದರು. ಆಳವಾದ ಗೆರೆ. ಇದೇ ವರ್ಷದ ಬಿಸಿಬಿಸಿ ಅಂಕಿ. ಉಗುರಲ್ಲಿ ಒತ್ತಿದರೆ ಹದವಾದ ರಬ್ಬರು.

"ಹೇಗೆ ಆರಿಸಿದ್ರಿ?"

"ಮಳೆ ರಸ್ತೆಗೆ ಕೊಡಿ ಅಂದೆ," ಎಂದರು ವಿಜಯಲಕ್ಷ್ಮಿ. "ಮೂರು ತಂದಿಟ್ರು. ಅಂಕಿ ನೋಡ್ದೆ, ಎರಡು ಹಳೇದು. ಉಳಿದಿದ್ದು ಹಾಕಿ ಅಂದೆ. ಆಮೇಲೆ ಮಸಾಲೆದೋಸೆ ತಿಂದ್ವಿ."

"ಅಂಕಿ ನೋಡೋದು ನಿಂಗ್ಯಾರು ಹೇಳ್ಕೊಟ್ರು?"

"ಊರವರಿಗೆಲ್ಲ ಕೂಗಿ ಕೂಗಿ ಹೇಳ್ತಿದ್ರಲ್ಲ. ಅಂಗಡಿ ಹಿಂದಿನ ಅಡಿಗೆಮನೆಗೂ ಕೇಳ್ತಿತ್ತು."

ಆ ಮಳೆಗಾಲವಿಡೀ ಬೈಕು ಆದೀಶನ ಕೈಯಲ್ಲಿ ತೀರ್ಥಹಳ್ಳಿ, ಆನಂದಪುರ, ಕವಲೇದುರ್ಗ ಎಲ್ಲ ನೋಡಿತು. ಶಾಂತಿಕುಮಾರರು ಗಡಿಕಲ್ಲಿನ ತನಕ ನಡೆದು ಹೋಗಿ ಅದನ್ನು ಕಳಿಸಿ ಬರುತ್ತಿದ್ದರು.

ದೀಪಾವಳಿಗೆ ವ್ರತ ಮುಗಿಯಿತು. ಬಸದಿಯಲ್ಲಿ ಶಾಲು ಹೊದಿಸಿದರು. ಪತ್ನಿಯವರೂ ಎರಡು ಮಾತಾಡಬೇಕು ಎಂದು ಧರಣೇಂದ್ರಯ್ಯನವರು ಕೇಳಿದಾಗ ಶಾಲಿನೊಳಗೆ ಶಾಂತಿಕುಮಾರರಿಗೆ ಚಳಿ ಹಿಡಿಯಿತು.

"ಇವರ ವ್ರತದ ಹಿಂದೆ ಏನಿತ್ತು ಅಂತ ನನಗೊಬ್ಬಳಿಗೇ ಗೊತ್ತು," ಎಂದರು ವಿಜಯಲಕ್ಷ್ಮಿ, ಮತ್ತು ನಿಧಾನವಾಗಿ ನೀರು ಕುಡಿದರು. "ಅದನ್ನ ಹೇಳೋದಿಲ್ಲ. ಹೇಳಿದ್ರೆ ಪುಣ್ಯ ಕಮ್ಮಿ ಆಗತ್ತೆ. ಇನ್ನೊಂದು ನಿಯಮ ಇವರ ಮನಸ್ಸಲ್ಲಿದೆ, ಸಂಕೋಚಕ್ಕೆ ಬಾಯಿ ಬಿಡ್ತಿಲ್ಲ. ಇನ್ನು ಮನೆಗೆ ಏನೇ ತರೋದಿದ್ರೂ ಆರಿಸೋದನ್ನ ತ್ಯಾಗ ಮಾಡಿದ್ದಾರೆ. ಅಲ್ವಾ ರೀ?"

ಶಾಂತಿಕುಮಾರರು ಹೆಂಡತಿಯ ಮುಖ ನೋಡಿದರು. ಅಲ್ಲಿ ಬೋಳು ಟೈರೊಂದು ಸ್ಪಷ್ಟವಾಗಿ ಕಂಡಿತು. "ಹೌದು," ಎಂದರು.

"ನಿಯಮಕ್ಕೆ ಒಂದು ಅವಧಿ ಬೇಕಲ್ಲ. ಎಷ್ಟು ಕಾಲ?" ಎಂದರು ಧರಣೇಂದ್ರಯ್ಯ.

ನಾಳೆ ಬೆಳಗಿನ ತನಕ ಎನ್ನಲು ಶಾಂತಿಕುಮಾರರು ಬಾಯಿ ತೆರೆಯುವಷ್ಟರಲ್ಲಿ ವಿಜಯಲಕ್ಷ್ಮಿ ಹೇಳಿದರು, "ಈಗ ಹಾಕ್ಸಿರೋ ಟೈರ್ ಸವೆಯೋ ತನಕ."

ಧರಣೇಂದ್ರಯ್ಯನವರು ಕೈಮುಗಿದೇಬಿಟ್ಟರು. "ನಿಮ್ಮ ಕೈಲಿ ಟೈರ್ ಸವೆಯೋದೇ ಇಲ್ಲ ಅಂತೀರಿ. ಹಾಗಾದ್ರೆ ಇದು ಯಾವಜ್ಜೀವ ವ್ರತವೇ ಆಯ್ತು, ಉಸಿರಿರೋ ತನಕ."

ಈಗ ಹೊಸನಗರದ ರಸ್ತೆಯಲ್ಲಿ ಹೋಗುವವರು ಒಂದು ವಿಚಿತ್ರ ಕಾಣುತ್ತಾರೆ. ಖಾಲಿ ರಸ್ತೆಯಲ್ಲಿ ಶಾಂತಿಕುಮಾರರು ಜೋರಾಗಿ ಬಂದು, ಕಿರ್ರೆಂದು ಬ್ರೇಕ್ ಹಾಕಿ, ಇಳಿದು ಟೈರು ಸವೆಯಿತೇ ಎಂದು ನೋಡಿ, ಮತ್ತೆ ಹತ್ತಿ ಹೋಗುತ್ತಾರೆ. "ಹಸು ಅಡ್ಡ ಬಂತಾ?" ಎಂದು ಯಾರೋ ಕೇಳಿದ್ದಕ್ಕೆ, "ಇಲ್ಲ, ಬರಬಹುದು ಅಂತ," ಎಂದರಂತೆ.

ಮೊನ್ನೆ ಹೊಸನಗರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಶ್ಯಾಮ ಚಕ್ರ ಬಿಚ್ಚಿ ನೋಡಿದ. "ಸಾರ್, ಬ್ರೇಕ್ ಶೂ ಪೂರ್ತಿ ಹೋಗಿದೆ. ಟೈರಿಗೆ ಎಂತದೂ ಆಗ್ಲಿಲ್ಲ, ಒಳ್ಳೆ ಟೈರ್ ಆರಿಸಿದೀರಿ. ಶೂ ಯಾವ ಕಂಪನಿದು ಹಾಕ್ಲಿ?"

ಶಾಂತಿಕುಮಾರರ ನಾಲಿಗೆಯ ಮೇಲೆ ನಾಲ್ಕಾರು ಕಂಪನಿಗಳ ಗುಣದೋಷಗಳು ಒಟ್ಟಿಗೇ ಬಂದು ನೂಕಾಡಿದವು. ಅವರು ಅವನ್ನೆಲ್ಲ ನುಂಗಿ, ಜೇಬಿನಿಂದ ಮೊಬೈಲು ತೆಗೆದರು.

"ತಡಿ ಮಾರಾಯ," ಎಂದರು, "ಮನೇಲಿ ಕೇಳ್ತೀನಿ."