ಎಳೆ ಪರೀಕ್ಷೆ

ಆ ಹುಡುಗಿಯ ಕೂದಲು ಮೊದಲು ಎಷ್ಟು ಗುಂಗುರಾಗಿತ್ತೆಂದರೆ, ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಗಿಳಿಯೊಂದು ಅದರೊಳಗೆ ಹೊಕ್ಕು ಹನ್ನೊಂದು ದಿನ ಸಂಸಾರ ಹೂಡಿತ್ತು. ಹನ್ನೆರಡನೇ ದಿನ ದಾರಿ ಕೇಳಿಕೊಂಡು ಹೊರಗೆ ಬಂತು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅನುಮಾನವಿದ್ದರೆ ಗಿಳಿಯನ್ನೇ ಕೇಳಿ.

ಈಗ ಹದಿನಾರು ತುಂಬಿದ ಅವಳ ತಲೆಯಲ್ಲಿ ಗಿಳಿಯ ಮಾತಿರಲಿ, ಸೊಳ್ಳೆ ಕೂತರೂ ಜಾರಿ ಬೀಳುವಂತಿತ್ತು. ಕ್ಲಾಸಿನವರ ಬಾಯಲ್ಲಿ 'ಸ್ಪ್ರಿಂಗು' ಅನ್ನಿಸಿಕೊಂಡು ಸಾಕಾಗಿ, ಎರಡು ತಿಂಗಳ ಹಿಂದೆ ಕೂದಲು ನೇರ ಮಾಡುವ ಕ್ರೀಮು ಹಚ್ಚಿಸಿಕೊಂಡಿದ್ದಳು. ಅಲ್ಲಲ್ಲಿ ಇನ್ನೂ ಅಲೆ ಕಾಣುತ್ತದೆ ಎಂದು ಹದಿನೈದೇ ದಿನಕ್ಕೆ ಮನೆಯಲ್ಲಿ ಇನ್ನೊಂದು ಡಬ್ಬಿಯೂ ಖಾಲಿಯಾಯಿತು. ಕೂದಲು ನೇರವಾಯಿತು, ಸಂದೇಹವೇ ಇಲ್ಲ. ನೇರವಾಗಿ ಬಾಚಣಿಗೆಗೆ ಹೋಯಿತು, ದಿಂಬಿಗೆ ಹೋಯಿತು, ಬಚ್ಚಲಿನ ಜಾಲರಿಗೆ ಹೋಯಿತು. ತಲೆಯ ಮೇಲೆ ಉಳಿದದ್ದು ಹಳೇ ಪೊರಕೆಯ ಹಾಗೆ ಸೆಟೆದುಕೊಂಡಿತು.

ತೋರಿಸಲು ಹೋದಾಗ ಪಾರ್ಲರಿನಾಕೆ ಒಂದು ಎಳೆಯನ್ನು ಒದ್ದೆ ಮಾಡಿ, ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಎಳೆದಿದ್ದಳು. ಪಟ್ಟಂತ ತುಂಡಾಯಿತು.

"ನೋಡಮ್ಮ, ಚೆನ್ನಾಗಿರೋ ಕೂದಲು ಎಳೆದ್ರೆ ಒಂಚೂರು ಹಿಗ್ಗಿ ವಾಪಸ್ ಬರುತ್ತೆ. ಇದಕ್ಕೆ ಹಿಗ್ಗೋ ಶಕ್ತೀನೇ ಇಲ್ಲ. ಕಿವಿ ತನಕ ಕತ್ತರಿಸಿಬಿಡೋಣ."

ಹುಡುಗಿ ಅತ್ತಳು. ಎಷ್ಟು ಅತ್ತಳೆಂದರೆ ಪಾರ್ಲರಿನ ಎರಡು ಕುರ್ಚಿಗಳು ತೇಲಿಕೊಂಡು ಬಾಗಿಲ ತನಕ ಬಂದವು. ಕೊನೆಗೆ ಆಕೆ ಕರಗಿ ಒಂದು ತಿಂಗಳ ಗಡುವು ಕೊಟ್ಟಳು. ಬಿಸಿ ಇಸ್ತ್ರಿ, ಬಿಸಿ ಗಾಳಿ ಎರಡೂ ಬಂದ್. ಅಗಲ ಹಲ್ಲಿನ ಬಾಚಣಿಗೆ, ಅದೂ ತುದಿಯಿಂದ ಮೇಲಕ್ಕೆ. ಪ್ರತಿ ಸ್ನಾನಕ್ಕೂ ಕಂಡೀಶನರು. "ಬೇರೇನೂ ತಲೆಗೆ ಹಾಕ್ಬೇಡ. ಯಾರೇ ಹೇಳಿದ್ರೂ ಹಾಕ್ಬೇಡ. ತಿಂಗಳಾದ ಮೇಲೆ ಭಾನುವಾರ ನಾಲ್ಕು ಗಂಟೆಗೆ ಬಾ. ಎಳೆ ವಾಪಸ್ ಬಂದ್ರೆ ತುದಿ ಮಾತ್ರ ಕತ್ತರಿಸ್ತೀನಿ. ಬರದಿದ್ರೆ ಕಿವಿ ತನಕ."

ಆ ಭಾನುವಾರದ ಮಾರನೇ ದಿನ, ಸೋಮವಾರ, ಸ್ಕೂಲಿನ ಕೊನೇ ವರ್ಷದ ಗ್ರೂಪ್ ಫೋಟೋ. ಅದು ಹಜಾರದ ಗೋಡೆಗೆ ಒಮ್ಮೆ ಏರಿತೆಂದರೆ ಕಟ್ಟಡ ಬಿದ್ದರೂ ಇಳಿಯುವುದಿಲ್ಲ.

ಹುಡುಗಿ ತಿಂಗಳಿಡೀ ಕೂದಲನ್ನು ಬಾಣಂತಿಯಂತೆ ಆರೈಕೆ ಮಾಡಿದಳು. ದಿಂಬಿನ ಹತ್ತಿಬಟ್ಟೆಗೆ ಉಜ್ಜಿ ಮುರಿಯಬಾರದೆಂದು ಕೆಳಗಿನ ಮನೆಯ ಟೈಲರ್ ಹತ್ತಿರ ಕೋಟಿನ ಒಳಬಟ್ಟೆಯಲ್ಲಿ ನುಣುಪಾದ ದಿಂಬುಚೀಲ ಹೊಲಿಸಿಕೊಂಡಳು. ಅದರ ಮೇಲೆ ತಲೆ ನಿಲ್ಲದೆ ರಾತ್ರಿಯೆಲ್ಲ ಜಾರಿ, ಬೆಳಿಗ್ಗೆ ಮಂಚದ ಕಾಲಿನ ಹತ್ತಿರ ಏಳುತ್ತಿದ್ದಳು. ಆದರೂ ಬಿಡಲಿಲ್ಲ.

ಆ ಭಾನುವಾರ ಬೆಳಿಗ್ಗೆ ಕಂಡೀಶನರು ಮುಗಿದುಹೋಯಿತು. ಎಲ್ಲದಕ್ಕೂ ಮೂಲ ಅಷ್ಟೇ. ಬಾಟಲಿಯನ್ನು ತಲೆಕೆಳಗು ಮಾಡಿ ಕುಟ್ಟಿದಳು. ಅದು 'ಪುಸ್' ಎಂದು ಉಸಿರು ಬಿಟ್ಟು ಸುಮ್ಮನಾಯಿತು. ಅಂಗಡಿಗೆ ಭಾನುವಾರದ ರಜೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಬೆಳಗಿನ ಪಾಳಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಪೇಪರ್ ಓದುತ್ತಿದ್ದ ಅಪ್ಪ, ಮತ್ತು ಅಪ್ಪನ ಅಕ್ಕ.

ಈ ಅತ್ತೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ರೂಪದಲ್ಲಿ, ಬುದ್ಧಿಯಲ್ಲಿ, ಸಮಯಸ್ಫೂರ್ತಿಯಲ್ಲಿ ಅಂಥ ಹೆಂಗಸು ಏಳು ಊರು ಸುತ್ತಿದರೂ ಸಿಗುವುದಿಲ್ಲ. ಡಾಕ್ಟರುಗಳು ಆಕೆಯನ್ನು ಕೇಳದೆ ಮಾತ್ರೆ ಬರೆಯುತ್ತಿರಲಿಲ್ಲ ಎನ್ನುವವರೂ ಇದ್ದಾರೆ.

"ಅಯ್ಯೋ, ಅಷ್ಟಕ್ಕೇ ಮುಖ ಹೀಗಾ? ಎರಡು ಮೊಟ್ಟೆ ತಾ ಪುಟ್ಟಿ," ಎಂದರು ಅತ್ತೆ.

"ಬೇರೇನೂ ಹಾಕ್ಬೇಡ ಅಂದಿದಾರೆ ಅತ್ತೆ."

"ಮೊಟ್ಟೆ ಬೇರೆ ಹೇಗಾಗುತ್ತೆ? ಫ್ರಿಜ್ಜಲ್ಲೇ ಇತ್ತಲ್ಲ, ನಮ್ಮನೇದೇ. ಬಾ, ಕೂತ್ಕೋ. ನಾಲ್ಕು ಗಂಟೆಗೆ ಆ ಪಾರ್ಲರಿನವಳು ಎಳೆದು ಎಳೆದು ಸುಸ್ತಾಗ್ಬೇಕು, ಹಾಗೆ ಮಾಡ್ತೀನಿ."

ಹುಡುಗಿಗೆ ಹೆದರಿಕೆ ಎಷ್ಟಿತ್ತೋ ಆಸೆಯೂ ಅಷ್ಟೇ ಇತ್ತು. ಕೂತಳು. ಅತ್ತೆ ಎರಡಲ್ಲ, ನಾಲ್ಕು ಮೊಟ್ಟೆ ಒಡೆದು ಬುಡದಿಂದ ತುದಿತನಕ ಸವರಿದರು. ಅರ್ಧ ಗಂಟೆ ಬಿಟ್ಟು, ಬಚ್ಚಲಿಗೆ ಕರೆದೊಯ್ದು, ಅಪ್ಪ ಸ್ನಾನಕ್ಕೆಂದು ಕಾಯಿಸಿಟ್ಟಿದ್ದ ನೀರನ್ನು ಒಂದು ಚೊಂಬು ಎತ್ತಿ ಸುರಿದರು.

"ಅಮ್ಮಾ! ಸುಡ್ತಿದೆ!"

ಹುಡುಗಿ ಚಿಮ್ಮಿ ಪಕ್ಕಕ್ಕೆ ಹಾರಿದಳು. ನೆತ್ತಿಗೆ ಏನೂ ಆಗಲಿಲ್ಲ, ಸದ್ಯ. ಆದರೆ ಮೊಟ್ಟೆ ಬೆಂದಿತು. ಹಳದಿ, ಬಿಳಿ ಎರಡೂ ಸಣ್ಣ ಸಣ್ಣ ಉಂಡೆಯಾಗಿ ಒಂದೊಂದು ಎಳೆಯನ್ನೂ ತಬ್ಬಿಕೊಂಡವು.

ಘಮಲು ಹಿಡಿದು ಅಪ್ಪ ಪೇಪರ್ ಮಡಚಿಕೊಂಡು ಬಂದರು. "ಆಮ್ಲೆಟ್ಟಾ ಅಕ್ಕಾ? ನನಗೂ ಒಂದಿರಲಿ."

"ತಗೊಳಿ ಅಪ್ಪ," ಎಂದು ಹುಡುಗಿ ತಲೆ ಮುಂದೆ ಚಾಚಿದಳು.

ಅಪ್ಪನಿಗೆ ನಗು ಬಂತು, ಮಗಳ ಕಣ್ಣು ನೋಡಿ ವಾಪಸ್ ಹೋಯಿತು. "ಪಾರ್ಲರಿಗೆ ಫೋನ್ ಮಾಡೋಣ," ಎಂದರು ಮೆಲ್ಲಗೆ.

"ಲೋ, ನೀನು ಸುಮ್ನಿರು. ತಲೇಲಿ ನಾಲ್ಕು ಕೂದಲಿಲ್ಲ, ಸಲಹೆ ಕೊಡೋಕೆ ಬಂದ," ಎಂದರು ಅತ್ತೆ.

ಕಿರುಚಾಟ ಕೇಳಿ ಕೆಳಗಿನಿಂದ ಟೈಲರ್ ಓಡಿಬಂದ. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು. ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಿನ್ನು ತೆಗೆದು ಹೇಳಿದ: "ಬಾಳೆಹಣ್ಣು. ಜಾರು ಪದಾರ್ಥ. ಹಚ್ಚಿದ್ರೆ ಮೊಟ್ಟೆ ತಾನಾಗೇ ಜಾರ್ಕೊಂಡು ಬರುತ್ತೆ."

"ನಿಮಗೆ ಗೊತ್ತಾ ಟೈಲರ್ ಅಂಕಲ್?"

"ಗೊತ್ತಿಲ್ದೆ ಏನಮ್ಮ? ಸಿಪ್ಪೆ ಮೇಲೆ ಕಾಲಿಟ್ಟು ನಾನೇ ಎರಡು ಸಲ ಜಾರಿದೀನಿ."

ಇಷ್ಟು ಬಲವಾದ ಸಾಕ್ಷಿ ಸಿಕ್ಕ ಮೇಲೆ ಅತ್ತೆ ತಡೆಯುತ್ತಾರೆಯೇ? ಕಪ್ಪಾಗಿದ್ದ ಮೂರು ಹಣ್ಣುಗಳನ್ನು ಕೈಯಲ್ಲೇ ಹಿಸುಕಿ ಮೆತ್ತಿದರು. ನಯವಾಗಿ ಅರೆಯಬೇಕಿತ್ತು. ಅರೆಯಲಿಲ್ಲ. ಹಣ್ಣಿನ ಗಂಟು ಮೊಟ್ಟೆಯ ಉಂಡೆಗೆ ಅಂಟಿತು, ಉಂಡೆ ಕೂದಲಿಗೆ ಅಂಟಿತು, ಅರ್ಧ ಗಂಟೆಯಲ್ಲಿ ಎಲ್ಲ ಒಣಗಿ ಹೆಲ್ಮೆಟ್ಟಾಯಿತು. ಮೂರು ಬೀದಿಯ ನೊಣಗಳು ಕುಟುಂಬ ಸಮೇತ ಬಂದು ಸರತಿಯಲ್ಲಿ ನಿಂತವು. ಟೈಲರ್ ಹೊಲಿಗೆ ಬಿಚ್ಚುವ ಕೊಕ್ಕೆ ತಂದು ಒಂದೊಂದೇ ಚೂರು ಬಿಡಿಸತೊಡಗಿದ. ಚೂರಿನ ಜೊತೆ ಎಳೆಯೂ ಬರುತ್ತಿತ್ತು. ಪ್ರತಿ ಎಳೆಗೂ ಹುಡುಗಿಯ ಭುಜ ಒಮ್ಮೆ ನಡುಗುತ್ತಿತ್ತು.

"ಸಾಕು ಅಂಕಲ್. ನೀವು ಹೋಗಿ," ಎಂದಳು ಕೊನೆಗೆ. ಬೈಗುಳವಾಗಿದ್ದರೆ ಅವನು ನಿಲ್ಲುತ್ತಿದ್ದನೇನೋ, ಆ ಸಣ್ಣ ದನಿಗೆ ಕೊಕ್ಕೆ ಜೇಬಿಗೆ ಹಾಕಿಕೊಂಡು ಇಳಿದುಹೋದ.

ಆಮೇಲೆ ತಣ್ಣೀರಿನ ನಲ್ಲಿಯ ಕೆಳಗೆ ಎರಡು ಗಂಟೆ. ಅಪ್ಪ ಚೊಂಬು ಹಿಡಿದರು, ಹುಡುಗಿ ಬೆರಳಲ್ಲೇ ಸಿಕ್ಕು ಬಿಡಿಸಿಕೊಂಡಳು. ಜಾಲರಿಯ ಮೇಲೆ ಒಂದು ಬೊಗಸೆ ಕೂದಲು ಸೇರಿತ್ತು. ಅದನ್ನು ನೋಡಿದವರು ಅತ್ತೆ ಒಬ್ಬರೇ. ಯಾರಿಗೂ ಕಾಣದ ಹಾಗೆ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ಅಡಿಗೆ ತಳ್ಳಿದರು. ಬಹಳ ಸೂಕ್ಷ್ಮ ಮನಸ್ಸಿನ ಹೆಂಗಸು.

ನಾಲ್ಕು ಗಂಟೆಗೆ ಸರಿಯಾಗಿ, ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಹುಡುಗಿ ಪಾರ್ಲರಿನ ಕುರ್ಚಿಯಲ್ಲಿದ್ದಳು. ಬೆನ್ನ ಹಿಂದೆ ಅತ್ತೆ. ಪಾರ್ಲರಿನಾಕೆ ಪಕ್ಕದ ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಿದ್ದಳು.

"ಬಂದ್ಯಾ? ಒಂದೇ ನಿಮಿಷ, ಕೈತೊಳ್ಕೊಂಡು ಬರ್ತೀನಿ. ಅಷ್ಟರಲ್ಲಿ ಟವೆಲಿಂದ ಒಂದು ಉದುರಿದ ಎಳೆ ತೆಗೆದಿಡಿ ಅಮ್ಮಾ, ನೋಡಿಬಿಡೋಣ," ಎಂದಳು ಅತ್ತೆಗೆ.

ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅತ್ತೆ ಎಳೆ ಕೊಟ್ಟರು. ಪಾರ್ಲರಿನಾಕೆ ಅದನ್ನು ನೀರಲ್ಲಿ ಅದ್ದಿ, ಎರಡು ತುದಿ ಹಿಡಿದು ಎಳೆದಳು. ಎಳೆ ಹಿಗ್ಗಿತು. ಬಿಟ್ಟಳು. ವಾಪಸ್ ಬಂತು.

"ಅರೆ!" ಎಂದಳು. ಮತ್ತೆ ಎಳೆದಳು. ಮತ್ತೆ ಬಂತು. "ಹದಿನೆಂಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಒಂದೇ ತಿಂಗಳಲ್ಲಿ ಹೀಗೆ ಸುಧಾರಿಸಿದ್ದು ನೋಡಿಲ್ಲಮ್ಮ!"

ಹುಡುಗಿ ಕುರ್ಚಿಯಿಂದ ಹಾರಿ ಅತ್ತೆಯನ್ನು ಅಪ್ಪಿಕೊಂಡಳು. "ನಿಮ್ಮನ್ನ ಬೆಳಿಗ್ಗೆಯಿಂದ ಮನಸ್ಸಲ್ಲೇ ಬೈತಿದ್ದೆ ಅತ್ತೆ, ಸಾರಿ!"

"ಇರಲಿ ಬಿಡು ಪುಟ್ಟಿ. ದೊಡ್ಡವರು ಮಾಡೋದೆಲ್ಲ ಒಳ್ಳೇದಕ್ಕೇ," ಎಂದರು ಅತ್ತೆ, ಎದೆ ಒಂದು ಗೇಣು ಉಬ್ಬಿಸಿ.

ಪಾರ್ಲರಿನಾಕೆಗೆ ಖುಷಿ ತಡೆಯಲಿಲ್ಲ. ಪಕ್ಕದ ಗಿರಾಕಿಗೂ ತೋರಿಸೋಣವೆಂದು ಎಳೆಯನ್ನು ಕನ್ನಡಿಯ ದೀಪಕ್ಕೆ ಹಿಡಿದಳು. ಹಿಡಿದವಳು ಹಾಗೇ ನಿಂತಳು. ಕನ್ನಡಕ ಹಾಕಿಕೊಂಡಳು.

"ಅಲ್ಲಮ್ಮ, ನಿನಗಿನ್ನೂ ಹದಿನಾರು. ಬುಡದಲ್ಲಿ ಅರ್ಧ ಇಂಚು ಬೆಳ್ಳಗಿದೆಯಲ್ಲ, ಇದು ಯಾವಾಗಿಂದ?"

ಎರಡು ಜೊತೆ ಕಣ್ಣು, ಹಚ್ಚಿದ ಕಪ್ಪಿನ ಬುಡದಲ್ಲಿ ಬಿಳಿ ಇಣುಕುತ್ತಿದ್ದ ಅತ್ತೆಯ ಬೈತಲೆಗೆ ಹೋಗಿ ನಿಂತವು.

ಪಾರ್ಲರಿನಾಕೆ ಟವೆಲು ಬಿಚ್ಚಿ, ಹುಡುಗಿಯದೇ ಒಂದು ಎಳೆ ತೆಗೆದು ಎಳೆದಳು. ಪಟ್ಟಂತ ತುಂಡಾಯಿತು. ಮೂಸಿ ನೋಡಿದಳು. "ಮೊಟ್ಟೆ. ಬಾಳೆಹಣ್ಣು." ಬುಡದ ಹತ್ತಿರದ ಕೂದಲನ್ನು ಬೆರಳಲ್ಲಿ ಸರಿಸಿ ನೋಡಿ ನಿಟ್ಟುಸಿರು ಬಿಟ್ಟಳು. "ತಿಂಗಳೆಲ್ಲ ಚೆನ್ನಾಗೇ ನೋಡ್ಕೊಂಡಿದ್ದೀಯ ಕಣಮ್ಮ. ಎಲ್ಲ ಇವತ್ತು ಎಳೆದಾಡಿ ಮುರಿದದ್ದು. ನಿನ್ನೆ ಬಂದಿದ್ರೆ ತುದಿ ಕತ್ತರಿಸಿ ಕಳಿಸ್ತಿದ್ದೆ."

ಕತ್ತರಿ ಬಂತು. ಕನ್ನಡಿಯೊಳಗಿಂದ ಹುಡುಗಿ ಹಿಂದೆ ನಿಂತವರನ್ನೇ ನೋಡುತ್ತ ಕೇಳಿದಳು, "ಅತ್ತೆ, ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ."

ಹದಿನಾರು ವರ್ಷದ ಮಗು ಹಾಗೆ ನೋಡಿದರೆ ಎಂಥ ಬಾಯಿಬಡುಕರಿಗೂ ಬಾಯಿ ಒಣಗುತ್ತದೆ. ಹೇಳಿಬಿಡುತ್ತೇನೆ. ಆ ಅತ್ತೆ ನಾನೇ. ಎಳೆ ನನ್ನದು. ನನ್ನನ್ನು ಕೇಳಿ ಮಾತ್ರೆ ಬರೆದ ಡಾಕ್ಟರು ಇಲ್ಲಿಯವರೆಗೆ ಹುಟ್ಟಿಲ್ಲ. ಮನೆಯಲ್ಲಿ ಖಾಲಿಯಾದ ಆ ಎರಡನೇ ಡಬ್ಬಿ ತಂದವಳೂ ನಾನೇ, "ಸಾಕು ಅತ್ತೆ" ಎಂದು ಅವಳು ಹೇಳಿದರೂ ಹಚ್ಚಿದವಳೂ ನಾನೇ. ಹದಿನೈದು ನಿಮಿಷಕ್ಕೆ ತೊಳೆಯಿರಿ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಅವಳಿಗೆ ನನ್ನ ಶೌರ್ಯದ ಕತೆಗಳನ್ನು ಹೇಳುತ್ತ ಕೂತು ನಲವತ್ತು ನಿಮಿಷ ಮಾಡಿದೆ.

ಹುಡುಗಿ ಕಣ್ಣು ಮುಚ್ಚಿ ಕತ್ತರಿಗೆ ತಲೆ ಒಡ್ಡಿದಳು.

ಕಿವಿ ತನಕ ಎಂದಿದ್ದೆನಲ್ಲ, ಅದೂ ನಿಜವಲ್ಲ. ಕಿವಿಗಿಂತ ಎರಡು ಬೆರಳು ಮೇಲೆ. ಇಷ್ಟು ಹೊತ್ತು ಹೇಳಿದ್ದರಲ್ಲಿ ನಾನು ಕಡಿಮೆ ಮಾಡಿ ಹೇಳಿದ್ದು ಅದೊಂದೇ.